ಕಿಡಿಯಿಲ್ಲದೆ ಹೊತ್ತುವ ಬೆಂಕಿ: ಹಳೆಯ ಡೀಸೆಲ್ ಎಂಜಿನ್ ಕೊಂಡವರಿಗೆ

ಮೈಸೂರು ಜಿಲ್ಲೆಯ ಮಿರ್ಲೆಯ ಓದುಗರೊಬ್ಬರು ಕೇಳಿದ್ದಾರೆ: ‘ಆಲೆಮನೆ ಮುಚ್ಚಿದವರಿಂದ ಹಳೇ ಡೀಸೆಲ್ ಎಂಜಿನ್ ಕೊಂಡಿದ್ದೇನೆ. ಒಂದೇ ಸಿಲಿಂಡರ್, ಎರಡು ಕಡೆ ದೊಡ್ಡ ಚಕ್ರ. ಬೆಳಿಗ್ಗೆ ಹ್ಯಾಂಡಲ್ ಹೊಡೆದೂ ಹೊಡೆದೂ ರಟ್ಟೆ ಬಿದ್ದುಹೋಗುತ್ತದೆ. ಬಿಸಿಲೇರಿದ ಮೇಲೆ ಎರಡು ಸುತ್ತಿಗೇ ಹಿಡಿಯುತ್ತದೆ. ಒಬ್ಬ ಮೆಕ್ಯಾನಿಕ್ ನಾಜಲ್ ಬದಲಿಸು ಅಂತಾನೆ, ಇನ್ನೊಬ್ಬ ಬೋರ್ ಹೊಡೆಸು ಅಂತಾನೆ. ಯಾರ ಮಾತು ಕೇಳಲಿ?’

ಉತ್ತರ ಪ್ರಶ್ನೆಯೊಳಗೇ ಇದೆ. ಬೆಳಗಿನ ಚಳಿಗೆ ಮೊಂಡು ಹಿಡಿದು ಮಧ್ಯಾಹ್ನಕ್ಕೆ ಸರಿಹೋಗುವ ಎಂಜಿನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿದೆ.

ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಜೋರಾಗಿ ಒತ್ತಿ ನೋಡಿ. ಪಂಪಿನ ತುದಿ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಮಾಡುವುದೂ ಇಷ್ಟನ್ನೇ, ಆದರೆ ವಿಪರೀತಕ್ಕೆ ಒಯ್ದು. ಹಾಗೆ ಕಾದ ಗಾಳಿಯ ಬಿಸಿಗೇ, ನಾಜಲ್ ಚಿಮ್ಮಿಸಿದ ಡೀಸೆಲ್ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಕಿರ್ಲೋಸ್ಕರ್‌ನ 5 ಎಚ್‌ಪಿ ಎವಿ-1 ಎಂಜಿನ್ನನ್ನೇ ತೆಗೆದುಕೊಳ್ಳಿ. ಅದು ಒಳಗೆಳೆದ ಗಾಳಿಯನ್ನು 16.5ರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತದೆ. ಬಿಸಿ ಎಲ್ಲೂ ಸೋರುವುದಿಲ್ಲ ಎಂದುಕೊಂಡರೆ, 15 ಡಿಗ್ರಿಯ ಗಾಳಿ ಆಗ ಸುಮಾರು 610 ಡಿಗ್ರಿಗೆ ಏರಬೇಕು. 32 ಡಿಗ್ರಿಯ ಗಾಳಿ ಸುಮಾರು 660ಕ್ಕೆ. ಹೊರಗಿನ 17 ಡಿಗ್ರಿಯ ಅಂತರ ಒಳಗೆ 50 ಡಿಗ್ರಿ ಆಯಿತು. ನಿಜದಲ್ಲಿ ತಣ್ಣನೆಯ ಲೋಹ ಬಿಸಿ ಹೀರುತ್ತದೆ, ರಿಂಗಿನ ಸಂದಿಯಲ್ಲಿ ಗಾಳಿ ಜಾರುತ್ತದೆ. ಹಾಗಾಗಿ ಇಷ್ಟೊಂದು ಬಿಸಿ ಸಿಗುವುದಿಲ್ಲ. ಗಟ್ಟಿಮುಟ್ಟಾದ ಎಂಜಿನ್ನಿಗೆ ಸಿಕ್ಕಿದ್ದೇ ಧಾರಾಳ. ಸವೆದ ಎಂಜಿನ್ನಿಗೆ ಬೆಳಗಿನ ಆ 50 ಡಿಗ್ರಿಯೇ ಹೊತ್ತುವುದಕ್ಕೂ ಹೊತ್ತದೇ ಇರುವುದಕ್ಕೂ ನಡುವಿನ ಗೆರೆ.

ಈ ಬೆಂಕಿಯ ಹಿಂದೆ ಒಂದು ಸೊಗಸಾದ ಕಥೆಯಿದೆ. ಪ್ಯಾರಿಸ್‌ನಲ್ಲಿ 1858ರಲ್ಲಿ ಹುಟ್ಟಿದ ರುಡಾಲ್ಫ್ ಡೀಸೆಲ್ ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಶೈತ್ಯಯಂತ್ರ ತಜ್ಞರ ಶಿಷ್ಯ. ಉಗಿಯಂತ್ರ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಪಾಲನ್ನೂ ಸರಿಯಾಗಿ ಕೆಲಸಕ್ಕೆ ತರುವುದಿಲ್ಲ ಎಂದು ಗುರುಗಳ ಪಾಠದಲ್ಲಿ ಕೇಳಿದ್ದೇ ತಡ, ಹುಡುಗನಿಗೆ ಅದೇ ಗುಂಗಾಯಿತು. ಆಗ್ನೇಯ ಏಷ್ಯಾದ ಜನ ಒಂದು ಕೊಳವೆಯೊಳಗೆ ಕೋಲನ್ನು ಫಟ್ಟನೆ ಗುದ್ದಿ, ಒಳಗಿನ ಒಣಹತ್ತಿಗೆ ಬೆಂಕಿ ಹತ್ತಿಸುತ್ತಿದ್ದರು. ಆ ಉಪಕರಣ ಡೀಸೆಲ್ ಕಣ್ಣಿಗೂ ಬಿದ್ದಿತ್ತು ಎಂಬ ಮಾತಿದೆ. 1893ರಲ್ಲಿ ಪೇಟೆಂಟ್ ಸಿಕ್ಕಿತು. ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಒದ್ದಾಡಿ, 1897ರಲ್ಲಿ ಶೇ 26ರಷ್ಟು ದಕ್ಷತೆಯ ಎಂಜಿನ್ ಓಡಿಸಿ ತೋರಿಸಿದರು.

ಆದರೆ ಅದು ಮನೆಯೆತ್ತರದ ಯಂತ್ರ. ಎಣ್ಣೆಯನ್ನು ಒಳಗೆ ಊದಲು ಪಕ್ಕದಲ್ಲೇ ಇನ್ನೊಂದು ಕಂಪ್ರೆಸರ್ ಬೇಕಿತ್ತು. ಅತ್ತ ಇಂಗ್ಲೆಂಡಿನ ಆಕ್ರಾಯ್ಡ್ ಸ್ಟುವರ್ಟ್‌ನ ಎಂಜಿನ್ ಚಿಕ್ಕದೇನೋ ಹೌದು. ಆದರೆ ಅದರ ತಲೆಯನ್ನು ಮೊದಲು ದೀಪದಿಂದ ಕಾಯಿಸಬೇಕಿತ್ತು. ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಇಂಧನ ಪಂಪನ್ನು ಸಗಟಾಗಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಎಂಜಿನ್ ರೈತನ ಕೈಗೆಟುಕುವ ಗಾತ್ರಕ್ಕೆ ಇಳಿದದ್ದು. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಲಿಸ್ಟರ್ ಕಂಪನಿ ಮಾಡಿದ ಜೋಡಿಚಕ್ರದ ಎಂಜಿನ್ ಆ ಕಾಲದ್ದು. ಮುಂದೆ ರಾಜ್‌ಕೋಟ್‌ನ ಎರಕದ ಕಾರ್ಖಾನೆಗಳು ಅದರ ಪಡಿಯಚ್ಚುಗಳನ್ನು ಹೊಯ್ದು ದೇಶಕ್ಕೆಲ್ಲ ಹಂಚಿದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಕಟ್ಟಿತು. ಕರೆಂಟು ಬರುವ ಮೊದಲು ನಮ್ಮ ಕಬ್ಬು ಅರೆದದ್ದು, ಭತ್ತ ಕುಟ್ಟಿದ್ದು, ಹೊಳೆಯ ನೀರೆತ್ತಿದ್ದು ಇಂಥವೇ. ದೋಣಿಗಳ ಹೊಟ್ಟೆಯಲ್ಲಿ ಇವತ್ತಿಗೂ ಇವುಗಳ ಒಡಹುಟ್ಟಿದವು ಗುಡುಗುಡಿಸುತ್ತಿವೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಬಿಟ್ಟಿ ಕರೆಂಟು ಕೊಟ್ಟ ಮೇಲೆ ಇಲ್ಲಿ ಎಷ್ಟೋ ಎಂಜಿನ್‌ಗಳು ಕೊಟ್ಟಿಗೆ ಮೂಲೆ ಸೇರಿದವು.

ಓದುಗರ ಎಂಜಿನ್ ಲಿಸ್ಟರ್ ಜಾತಿಯದೇ ಇರಬೇಕು. ಅದರ ವೇಗ ನಿಮಿಷಕ್ಕೆ 650 ಸುತ್ತು. ಎರಡು ಸುತ್ತಿಗೊಂದು ಹೊಡೆತವೆಂದರೆ ಸೆಕೆಂಡಿಗೆ ಐದೂ ಚಿಲ್ಲರೆ. ಕಿವಿಯಿಟ್ಟರೆ ಒಂದೊಂದು ‘ಡುಗ್’ ಕೂಡ ಬಿಡಿಯಾಗಿ ಕೇಳುತ್ತದೆ, ಒಂದು ತಪ್ಪಿದರೂ ಗೊತ್ತಾಗುತ್ತದೆ. ಹೊಗೆಯನ್ನೂ ಓದಬಹುದು. ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಹೊರಬೀಳುತ್ತಿದೆ. ಕಪ್ಪು ಬಂದರೆ ಹೊರೆ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ ಬಂದರೆ ಎಂಜಿನ್ ಆಯಿಲ್ಲೇ ಸುಡುತ್ತಿದೆ.

ನಾಜಲ್ ಪರೀಕ್ಷೆ ಸುಲಭ. ಡಿಕಂಪ್ರೆಷನ್ ಲಿವರ್ (ವಾಲ್ವ್ ತೆರೆದಿಟ್ಟು ಒತ್ತಡ ಬಿಡುವ ಹಿಡಿ) ಎತ್ತಿ ಹ್ಯಾಂಡಲ್ ತಿರುಗಿಸಿ. ಎರಡು ಸುತ್ತಿಗೊಮ್ಮೆ ‘ಕಿರ್ರ್’ ಎಂದು ಸಣ್ಣಗೆ ಕೀರಿದರೆ ಡೀಸೆಲ್ ಒಳಗೆ ಬೀಳುತ್ತಿದೆ. ಸದ್ದೇ ಇಲ್ಲದಿದ್ದರೆ ಪೈಪು ಏರ್ ಹಿಡಿದಿರಬಹುದು. ಏರ್ ತೆಗೆದು ಮತ್ತೆ ನೋಡಿ. ನಾಜಲ್ಲನ್ನು ಹೊರಗೆ ಬಿಚ್ಚಿ ಪರೀಕ್ಷಿಸುವಾಗ ಮಾತ್ರ ಕೈ ಅಡ್ಡ ಹಿಡಿಯಬೇಡಿ. ವಾಯುಮಂಡಲದ ಸುಮಾರು 200 ಪಟ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ.

ನಾಜಲ್ ಕೀರುತ್ತಿದ್ದರೆ ಲಿವರ್ ಇಳಿಸಿ ನಿಧಾನ ತಿರುಗಿಸಿ. ಚಕ್ರ ಒಂದು ಕಡೆ ಬಿಗಿಯಾಗಿ ತಡೆದು ಹಿಂದಕ್ಕೆ ಒದೆಯಬೇಕು. ಸಲೀಸಾಗಿ ದಾಟಿಹೋದರೆ ಕಂಪ್ರೆಷನ್, ಅಂದರೆ ಗಾಳಿ ಒತ್ತುವ ಬಿಗಿ, ಇಲ್ಲ. ಆಗ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ. ಬಿಗಿ ಬಂದರೆ ಸವೆದದ್ದು ರಿಂಗು, ಬೋರು. ಎಣ್ಣೆ ಆ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಬಿಗಿ ಬರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ವಾಲ್ವ್ ಮಸೆಯುವುದು ಬೋರ್ ಹೊಡೆಸುವುದಕ್ಕಿಂತ ಎಷ್ಟೋ ಅಗ್ಗ.

ಪೈಪಿಗೆ ಆಯಸ್ಕಾಂತ ಕಟ್ಟಿದರೆ ಡೀಸೆಲ್ ಉಳಿಯುತ್ತದೆ ಎನ್ನುವವರು ಸಂತೆಯಲ್ಲಿ ಸಿಗುತ್ತಾರೆ. ದುಡ್ಡು ಜೇಬಿನಲ್ಲೇ ಇರಲಿ. ಹೊಂಗೆ ಎಣ್ಣೆಯ ಮಾತು ಬೇರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಹೊಂಗೆ ಎಣ್ಣೆಯಲ್ಲಿ ಎಂಜಿನ್ ಓಡಿಸಿ ಹಳ್ಳಿಗಳಿಗೆ ಒಯ್ದರು. ಆದರೂ ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ಬೆಳಿಗ್ಗೆ ಡೀಸೆಲ್ಲಿಗೇ ಹಿಡಿಯದ ಎಂಜಿನ್ನಿಗೆ ಅದನ್ನು ಕುಡಿಸುವುದು ಸಲ್ಲದು.

ಮಿರ್ಲೆಯ ಓದುಗರಿಗೆ ನನ್ನ ತೀರ್ಪು: ನಾಜಲ್ ಕೀರುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ, ತೊಂದರೆ ಇರುವುದು ಕಂಪ್ರೆಷನ್‌ನಲ್ಲಿ. ಚಮಚದ ಪರೀಕ್ಷೆ ಮುಗಿಯುವವರೆಗೆ ಯಾವ ಮೆಕ್ಯಾನಿಕ್ಕಿಗೂ ಮುಂಗಡ ಕೊಡಬೇಡಿ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ಎಂಜಿನ್ ಹಿಂದಕ್ಕೆ ಒದ್ದರೆ ಮೊದಲು ಮುರಿಯುವುದು ಅದೇ.