ಜಾಲಪುಟದಲ್ಲಿ ಕನ್ನಡದ ಅಕ್ಷರ

ಜಾಲಪುಟದ ವಿನ್ಯಾಸವೆಂದರೆ ಬಣ್ಣ, ಚಿತ್ರಗಳ ಅಲಂಕಾರ ಎಂಬ ತಿಳಿವಳಿಕೆ ವ್ಯಾಪಕವಾಗಿದೆಯಾದರೂ ಓದಲು ಬಂದವರಿಗೆ ಮೊದಲು ಬೇಕಾದುದು ಅಕ್ಷರ. ಕನ್ನಡದ ಪುಟಗಳು ಎಡವುವುದೂ ಅಲ್ಲಿಯೇ. ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತಸಂಖ್ಯೆ ನೀಡುವ ಯೂನಿಕೋಡ್ ಶಿಷ್ಟತೆಯಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ಫಾಂಟ್‌ಗಳ ಬಳಕೆ ಬಹುಕಾಲ ಮುಂದುವರಿಯಿತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂತಹ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು, ಕನ್ನಡದಲ್ಲಿ ಹುಡುಕಿದರೆ ಸಿಗುತ್ತಲೂ ಇರಲಿಲ್ಲ.

ಇದಕ್ಕಿಂತ ಹಾನಿಕರವಾದ, ಇಂದಿಗೂ ಉಳಿದಿರುವ ಚಾಳಿಯೆಂದರೆ ಪ್ರಕಟಣೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸುವುದು. ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲುಗಳು ಪರದೆಯಾಚೆ ಸರಿಯುತ್ತವೆ. ಅಂಧರಿಗಾಗಿ ಪಠ್ಯವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ, ಚಿತ್ರದ ಜೊತೆ ಬದಲಿ ವಿವರಣೆ ಬರೆದಿರದಿದ್ದರೆ, ಓದಲು ಹೆಚ್ಚೇನೂ ದೊರೆಯುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂಬುದೇ ಹೀಗೆ ಮರೆಯಾದರೆ ಅದನ್ನು ಅಂದದ ಕೊರತೆ ಎಂದು ತಳ್ಳಿಹಾಕಲಾಗದು, ಅಲ್ಲಿ ಒಬ್ಬರ ಹಕ್ಕೇ ತಪ್ಪಿಹೋಗುತ್ತದೆ.

ಬರಹವನ್ನು ಪಠ್ಯವಾಗಿಯೇ ಹಾಕಿದರೂ, ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಹೊಂದಿಸಿದ ಅಳತೆಯಲ್ಲೇ ಬಿಟ್ಟರೆ ‘ರಾಷ್ಟ್ರ’ ಎಂಬಲ್ಲಿನ ಎರಡು ಒತ್ತುಗಳು ಕೆಳಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗಿ ಓದು ತೊಡಕಾಗುತ್ತದೆ. ಅಕ್ಷರಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಿನ ಸಾಲಿನ ಎತ್ತರ ಕನ್ನಡಕ್ಕೆ ಒಪ್ಪುತ್ತದೆ. ಬಿಳಿಯ ಮೇಲೆ ತಿಳಿಬೂದು ಬಣ್ಣದ ಬರಹ ಸೊಗಸೆನಿಸಬಹುದಾದರೂ, ಜಾಲದ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟದ 2008ರ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರಷ್ಟು ಹೊಳಪಿನ ಅನುಪಾತವನ್ನು ಬಯಸುತ್ತದೆ.