ಗಾಡಿ ತಗ್ಗಿಸಲು ಚಾಸಿಸ್ ಕತ್ತರಿಸಬಹುದೇ?

ಮುಹೂರ್ತದ ತಿಂಗಳು ಹತ್ತಿರ ಬಂತೆಂದರೆ ಹೊರಗಿನ ಊಟದ ಆರ್ಡರ್ ಹಿಡಿಯುವ ನಮ್ಮವರಿಗೆ ಅಡಿಗೆಯ ಚಿಂತೆಗಿಂತ ಗಾಡಿಯ ಚಿಂತೆ ದೊಡ್ಡದು. ಈಚೆಗೆ ಇಬ್ಬರು ಮೂವರು ಸದಸ್ಯರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಪಿಕಪ್ಪಿನ ಹಿಂದಿನ ಹಲಗೆ ಸೊಂಟಕ್ಕಿಂತ ಎತ್ತರ ಇದೆ, ಸಾಂಬಾರಿನ ಕೊಪ್ಪರಿಗೆ ಎತ್ತಲು ಹುಡುಗರು ಒದ್ದಾಡುತ್ತಾರೆ, ಶೆಡ್ಡಿನವರು ಚಾಸಿಸ್ಸನ್ನು ಸ್ವಲ್ಪ ಕತ್ತರಿಸಿ ಹಿಂಭಾಗ ತಗ್ಗಿಸಿ ಕೊಡುತ್ತಾರಂತೆ, ಮಾಡಿಸಬಹುದೇ ಎಂದು.

ಅವರ ಕಷ್ಟ ನಿಜವಾದದ್ದೇ. ನೂರು ಲೀಟರಿನ ಪಾತ್ರೆಯಲ್ಲಿ ಮುಕ್ಕಾಲು ಭಾಗ ಸಾಂಬಾರು ಇದ್ದರೂ 75 ಕಿಲೋ ದಾಟುತ್ತದೆ, ಪಾತ್ರೆಯ ತೂಕ ಬೇರೆ. ಕುದಿಯುವ ಸಾಂಬಾರನ್ನು ಅಷ್ಟೆತ್ತರ ಎತ್ತುವಾಗ ಒಬ್ಬನ ಕೈ ಜಾರಿದರೆ ಇಬ್ಬರ ಮೈಮೇಲೆ ಬೀಳುತ್ತದೆ. ಆದರೆ ಅದಕ್ಕೆ ಈ ಮದ್ದು ಸರಿಯಲ್ಲ. ಏಕೆಂದು ವಿವರಿಸುತ್ತೇನೆ.

ಪಿಕಪ್ಪಿನ ಚಾಸಿಸ್ ಏಣಿಯ ಹಾಗೆ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡ ತೊಲೆಗಳು. ಅದರ ಕೆಳಗೆ ಹಿಂದಿನ ಆಕ್ಸಲ್, ಸಾಮಾನ್ಯವಾಗಿ ಆಕ್ಸಲಿನ ಮೇಲೆ ಪಟ್ಟಿ ಸ್ಪ್ರಿಂಗ್ ಕಟ್ಟು. ತಗ್ಗಿಸುವವರು ಆಕ್ಸಲನ್ನು ಪಟ್ಟಿಯ ಕೆಳಗಿನಿಂದ ತೆಗೆದು ಪಟ್ಟಿಯ ಮೇಲೆ ಕೂರಿಸುತ್ತಾರೆ. ಆಕ್ಸಲಿನ ದಪ್ಪ, ಪಟ್ಟಿ ಕಟ್ಟಿನ ದಪ್ಪ ಎರಡೂ ಸೇರಿ ನಾಲ್ಕೈದು ಇಂಚು ಇಳಿಯುತ್ತದೆ. ಆಗ ಆಕ್ಸಲಿಗೂ ಮೇಲಿನ ತೊಲೆಗೂ ನಡುವೆ ಜಾಗವೇ ಉಳಿಯುವುದಿಲ್ಲ, ಒಂದು ಸ್ಪೀಡ್ ಬ್ರೇಕರ್ ಬಂದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಅದಕ್ಕಾಗಿ ತೊಲೆಯ ತಳದಲ್ಲಿ ಅರ್ಧಚಂದ್ರದ ಹಾಗೆ ಕತ್ತರಿಸಿ, ಸುತ್ತ ದಪ್ಪ ತಗಡು ಬೆಸೆದು ಆಕ್ಸಲಿಗೆ ದಾರಿ ಮಾಡುತ್ತಾರೆ. ಇದಕ್ಕೆ ಸಿ ನಾಚ್ ಎಂದು ಹೆಸರು. ಅಮೆರಿಕದಲ್ಲಿ ಷೋಕಿಗಾಗಿ ಗಾಡಿ ತಗ್ಗಿಸುವವರು ಇದನ್ನು ಮಾಡಿಸುತ್ತಾರೆ. ಅಂಥ ಗಾಡಿ ನೋಡಲಿಕ್ಕೆ ಇಟ್ಟುಕೊಳ್ಳುವುದು, ಸಾವಿರ ಜನರ ಊಟ ಹೊರಲಿಕ್ಕಲ್ಲ.

ತೊಲೆಯ ಬಲ ಎಲ್ಲಿದೆ ಎಂದು ತಿಳಿಯಲು ನಮ್ಮ ಅಡಿಗೆಮನೆಯ ಕೊಪ್ಪರಿಗೆಯನ್ನೇ ನೋಡಿ. ಅದರ ಬಾಯಿಯ ಅಂಚನ್ನು ಮಡಚಿರುತ್ತಾರೆ. ಆ ಅಂಚು ಇರುವವರೆಗೆ ತೆಳು ತಗಡಾದರೂ ಪಾತ್ರೆ ಸೊಟ್ಟಗಾಗುವುದಿಲ್ಲ. ಅಂಚನ್ನು ಒಂದು ಕಡೆ ಕತ್ತರಿಸಿದರೆ ಎರಡು ಸಲ ಎತ್ತುವುದರೊಳಗೆ ಬಾಯಿ ವಾಲುತ್ತದೆ. ಚಾಸಿಸ್ ತೊಲೆಯಲ್ಲೂ ಮೇಲೆ ಕೆಳಗೆ ಮಡಚಿದ ಅಂಚುಗಳೇ ಭಾರ ಹೊರುವುದು. ಕೆಳಗಿನ ಅಂಚನ್ನು, ಅದೂ ಭಾರವೆಲ್ಲ ಬಂದು ಕೂರುವ ಆಕ್ಸಲಿನ ನೇರಕ್ಕೇ ತೆಗೆದರೆ ಏನಾದೀತು? ತಗಡು ಬೆಸೆದಿದ್ದೇವಲ್ಲ ಎನ್ನುತ್ತಾರೆ. ಬೆಸುಗೆಯ ಶಾಖದಿಂದ ಪಕ್ಕದ ಉಕ್ಕಿನ ಗುಣವೇ ಬದಲಾಗುತ್ತದೆ. ಬಿರುಕು ಶುರುವಾಗುವುದು ಬೆಸುಗೆ ಮುಗಿಯುವ ಜಾಗದಲ್ಲಿ, ಕಣ್ಣಿಗೆ ಕಾಣದ ಹಾಗೆ.

ಇನ್ನೊಂದು ವಿಷಯ ಶೆಡ್ಡಿನವರು ಹೇಳುವುದಿಲ್ಲ. ಅನೇಕ ಪಿಕಪ್‌ಗಳಲ್ಲಿ ಚಾಸಿಸ್ಸಿಗೂ ಹಿಂದಿನ ಆಕ್ಸಲಿಗೂ ನಡುವೆ ಒಂದು ಕಂಬಿ ಇರುತ್ತದೆ, ಅದು ಬ್ರೇಕಿನ ವಾಲ್ವಿಗೆ ಸೇರಿದ್ದು. ಭಾರ ಹೇರಿ ಚಾಸಿಸ್ ತಗ್ಗಿದಾಗ ಹಿಂದಿನ ಚಕ್ರಕ್ಕೆ ಬ್ರೇಕ್ ಹೆಚ್ಚು ಕೊಡುವುದು ಅದರ ಕೆಲಸ. ಗಾಡಿಯನ್ನು ನಾವೇ ತಗ್ಗಿಸಿದರೆ ಖಾಲಿ ಇದ್ದಾಗಲೂ ವಾಲ್ವು ಭಾರ ಇದೆಯೆಂದು ತಿಳಿಯುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕಟ್ಟಿಕೊಂಡು ಗಾಡಿ ಅಡ್ಡ ತಿರುಗುತ್ತದೆ. 2015ರ ಮತ್ತು 2023ರ ಡಿಸೆಂಬರ್ ನೆರೆಯಲ್ಲಿ ವೇಳಚ್ಚೇರಿ ಕಡೆ ನಿಂತ ನೀರನ್ನು ಕಂಡವರಿಗೆ ಇರುವ ಗಾಡಿಯನ್ನು ಇನ್ನೂ ತಗ್ಗಿಸಬೇಕು ಎಂದು ಹೇಗೆ ಅನ್ನಿಸುತ್ತದೋ ನನಗೆ ತಿಳಿಯದು.

ಕಾನೂನನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಎಫ್‌ಸಿಗೆ ಹೋದಾಗ ತಕರಾರು ಬರುತ್ತದೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಹುಡುಕುವುದೂ ಇಂಥದ್ದನ್ನೇ.

ಇಷ್ಟೆಲ್ಲ ಮಾಡಿ ಸಿಗುವುದು ನಾಲ್ಕೈದು ಇಂಚು. ಕೊಪ್ಪರಿಗೆಯನ್ನು ಆಗಲೂ ಎತ್ತಲೇಬೇಕು. ಗಾಡಿ ಇಳಿಸುವ ಬದಲು ನೆಲವನ್ನು ಏರಿಸುವುದು ಸುಲಭ. ಅಡಿಗೆಮನೆಯ ಹಿಂಬಾಗಿಲಲ್ಲಿ ಗಾಡಿಯ ಹಲಗೆಯ ಮಟ್ಟಕ್ಕೆ ಒಂದು ಇಟ್ಟಿಗೆ ಜಗಲಿ ಕಟ್ಟಿಸಿ. ಅಳತೆಯನ್ನು ಖಾಲಿ ಗಾಡಿಯಲ್ಲಿ ತೆಗೆಯಬೇಡಿ, ಅರ್ಧ ಭಾರ ಹೇರಿ ತೆಗೆಯಿರಿ, ಏಕೆಂದರೆ ಸ್ಪ್ರಿಂಗ್ ಕುಗ್ಗುತ್ತದೆ. ಜಗಲಿಗೆ ಒಳಗಿನಿಂದ ಇಳಿಜಾರು ಇರಲಿ. ಎತ್ತರ 70 ಸೆಂಟಿಮೀಟರ್ ಇದ್ದರೆ ಇಳಿಜಾರಿನ ಉದ್ದ ಮೂರು ಮೀಟರಾದರೂ ಬೇಕು, ಇಲ್ಲದಿದ್ದರೆ ಚಕ್ರದ ಟ್ರಾಲಿ ಹಿಂದಕ್ಕೆ ಜಾರುತ್ತದೆ. ಮಂಟಪದಲ್ಲಿ ಜಗಲಿ ಇರುವುದಿಲ್ಲ. ಅಲ್ಲಿಗೆ ಕಾಲಲ್ಲಿ ಒತ್ತಿದರೆ ಮೇಲೇರುವ ಹೈಡ್ರಾಲಿಕ್ ಟ್ರಾಲಿಯನ್ನು ಗಾಡಿಯಲ್ಲೇ ಒಯ್ಯಬಹುದು. ಪ್ಯಾರೀಸ್ ಕಾರ್ನರ್ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ.

ಹಣ ಖರ್ಚು ಬೇಡವೆನ್ನುವವರು ಪಾತ್ರೆ ಬದಲಿಸಲಿ. ನೂರು ಲೀಟರಿನ ಒಂದರ ಬದಲು 25 ಲೀಟರಿನ ನಾಲ್ಕು, ಬಿಗಿ ಮುಚ್ಚಳದವು. ಇಬ್ಬರು ಎರಡು ಕಿವಿ ಹಿಡಿದು ನಿರಾತಂಕವಾಗಿ ಎತ್ತಬಹುದು. ಭಟ್ಟರು ಮೊದಲು ಗೊಣಗುತ್ತಾರೆ, ಪಾತ್ರೆ ತೊಳೆಯುವವರು ಇನ್ನೂ ಹೆಚ್ಚು ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಹೊಸ ಗಾಡಿ ಕೊಳ್ಳುವವರು ಟೇಪು ಹಿಡಿದುಕೊಂಡೇ ಷೋರೂಮಿಗೆ ಹೋಗಲಿ. 2005ರಲ್ಲಿ ಬಂದ ಟಾಟಾ ಏಸ್, ಇಲ್ಲಿಯವರು ಕುಟ್ಟಿ ಯಾನೈ ಎಂದು ಕರೆಯುವ ಗಾಡಿ, 12 ಇಂಚಿನ ಚಿಕ್ಕ ಚಕ್ರದ್ದಾದ್ದರಿಂದ ದೊಡ್ಡ ಪಿಕಪ್‌ಗಳಿಗಿಂತ ತಗ್ಗು. ಊಟದ ಲೆಕ್ಕ ಚಿಕ್ಕದಿದ್ದರೆ ಅದೇ ಸಾಕು.

ಹಳೆಯ ಗಾಡಿ ಕೊಳ್ಳುವವರು ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡದೆ ಮುಂಗಡ ಕೊಡಬೇಡಿ. ಹಿಂದಿನ ಆಕ್ಸಲಿನ ಮೇಲೆ ತೊಲೆಯ ತಳದ ಗೆರೆ ಎರಡೂ ಕಡೆ ಒಂದೇ ಸಮ ಇದೆಯೇ, ಆ ಜಾಗದಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದಾರೆಯೇ, ರಬ್ಬರ್ ಬಂಪರು ಇದೆಯೇ, ಬ್ರೇಕಿನ ಕಂಬಿಯನ್ನು ತಂತಿಯಲ್ಲಿ ಕಟ್ಟಿದ್ದಾರೆಯೇ ಎಂದು ನೋಡಿ. ಚಾಸಿಸ್ ನಂಬರನ್ನು ಆರ್‌ಸಿ ಪುಸ್ತಕದ ಜೊತೆ ಒಂದೊಂದೇ ಅಂಕಿ ಓದಿ ತಾಳೆ ಹಾಕಿ.