ಬೆಳೆಯ ರೋಗ, ಕೀಟಗಳ ಛಾಯಾಚಿತ್ರ: ಯಾರಿಗೆ ಯಾವ ಚಿಕ್ಕ ಕ್ಯಾಮೆರಾ?

ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ತಾಲ್ಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಎಲೆಯ ಮೇಲೆ ಬಿಳಿ ಬೆಳವಣಿಗೆ ಕಂಡಾಗ ಅದು ಬೂದಿ ರೋಗವೋ ಬೂಜು ತುಪ್ಪಟ ರೋಗವೋ ಎಂಬುದನ್ನು ಮೊದಲು ತಿಳಿಯಬೇಕು. ಬೂದಿ ರೋಗಕ್ಕೆ ಸಿಂಪಡಿಸುವ ಗಂಧಕವು ಬೂಜು ತುಪ್ಪಟವನ್ನು ಹತೋಟಿಗೆ ತರುವುದಿಲ್ಲ. ಬೂಜು ತುಪ್ಪಟಕ್ಕೆ ಬಳಸುವ ಮೆಟಲಾಕ್ಸಿಲ್ ಬೂದಿ ರೋಗವನ್ನು ತಡೆಯುವುದಿಲ್ಲ. ತಜ್ಞರಿಗೆ ಕಳುಹಿಸಿದ ಚಿತ್ರ ಮಸುಕಾಗಿದ್ದರೆ ಸಿಂಪರಣೆಯ ಖರ್ಚೂ ಹೋಗುತ್ತದೆ, ಬೆಳೆಯೂ ಕೈತಪ್ಪುತ್ತದೆ.

ಇಂದಿನ ಮೊಬೈಲು ಹೆಚ್ಚಿನ ರೈತರಿಗೆ ಸಾಕು. ಬೆಳೆ ಸಮೀಕ್ಷೆಯ ಆ್ಯಪ್‌ಗೆ ಜಮೀನಿನಲ್ಲಿ ನಿಂತು ಮೊಬೈಲಿನಿಂದಲೇ ಚಿತ್ರ ತೆಗೆಯಬೇಕಾದ್ದರಿಂದ ಅಲ್ಲಿ ಬೇರೆ ಕ್ಯಾಮೆರಾ ಉಪಯೋಗಕ್ಕೆ ಬಾರದು. ಕೇವಲ ಆ ಕೆಲಸಕ್ಕಾಗಿ ಹಣ ವ್ಯಯಿಸದಿರಿ.

ಸಣ್ಣ ಕೀಟಗಳನ್ನು ಮೇಲಿಂದ ಮೇಲೆ ದಾಖಲಿಸುವವರಿಗೆ ಮಾತ್ರ ಕಾಂಪ್ಯಾಕ್ಟ್ ಕ್ಯಾಮೆರಾ ನಿಜಕ್ಕೂ ನೆರವಾಗುತ್ತದೆ. ಭಾರತದಲ್ಲಿ 2018ರಲ್ಲಿ ಮೊದಲು ಶಿವಮೊಗ್ಗದಲ್ಲಿ ದಾಖಲಾದ ಫಾಲ್ ಸೈನಿಕ ಹುಳುವನ್ನೇ ನೋಡಿ. ಮುಸುಕಿನ ಜೋಳದ ಸುಳಿಯಲ್ಲಿ ಅಡಗುವ ಈ ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ತುದಿಯ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಇವೆರಡೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಬೇಕು. ಇದಕ್ಕೆ ಹೂವಿನ ಚಿಹ್ನೆಯಿರುವ ಮ್ಯಾಕ್ರೋ ವಿಧಾನ ಬೇಕು. ಕೊಳ್ಳುವಾಗ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗದೆ, ಎಷ್ಟು ಹತ್ತಿರದಿಂದ ಚಿತ್ರ ಸ್ಪಷ್ಟವಾಗುತ್ತದೆಂದು ವಿಚಾರಿಸಿ. ಒಲಿಂಪಸ್ ಟಿಜಿ-6ರಂತಹ ನೀರು ನಿರೋಧಕ ಕ್ಯಾಮೆರಾ 1 ಸೆಂ.ಮೀ. ದೂರದಿಂದಲೂ ಚಿತ್ರ ತೆಗೆಯಬಲ್ಲದು. ಮಳೆಗಾಲದ ಹೊಲದಲ್ಲಿ ಅದು ಅನುಕೂಲ. ಬಹುತೇಕ ಚಿಕ್ಕ ಕ್ಯಾಮೆರಾಗಳು ಜೂಮ್ ಮಾಡದಿದ್ದಾಗ ಮಾತ್ರ ಇಷ್ಟು ಹತ್ತಿರಕ್ಕೆ ಹೊಂದಿಕೊಳ್ಳುತ್ತವೆ ಎಂಬುದನ್ನು ಮರೆಯಬಾರದು. ಅಷ್ಟು ಸಮೀಪದಲ್ಲಿ ಕ್ಯಾಮೆರಾದ ನೆರಳೇ ಹುಳುವಿನ ಮೇಲೆ ಬೀಳುವುದರಿಂದ ಬೆಳಕು ಪಕ್ಕದಿಂದ ಬರುವಂತೆ ನಿಲ್ಲಿರಿ. ಫ್ಲ್ಯಾಶ್ ಬೇಡ, ಎಲೆಯ ಹೊಳಪಿನಲ್ಲಿ ಮಚ್ಚೆಗಳು ಮರೆಯಾಗುತ್ತವೆ.

ತೆಂಗಿನ ಸುಳಿಯನ್ನು ನೆಲದಿಂದಲೇ ಗಮನಿಸುವವರು ಆಪ್ಟಿಕಲ್ ಜೂಮ್ ಹೆಚ್ಚಿರುವುದನ್ನು ಆರಿಸಲಿ. ಡಿಜಿಟಲ್ ಜೂಮ್ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆಯೇ ಹೊರತು ಹೊಸ ವಿವರವನ್ನೇನೂ ಕೊಡುವುದಿಲ್ಲ. ಮಂದ ಬೆಳಕಿನ ಸಭಾಂಗಣಗಳಲ್ಲಿ ತರಬೇತಿಗಳನ್ನು ದಾಖಲಿಸುವ ವಿಸ್ತರಣಾ ಕಾರ್ಯಕರ್ತರಿಗೆ ಒಂದು ಇಂಚಿನ ಸಂವೇದಕವಿರುವ ಕ್ಯಾಮೆರಾ ಸೂಕ್ತ, ಬೆಲೆ ಮಾತ್ರ ದುಬಾರಿ.

ಪ್ರತಿ ಸಮಸ್ಯೆಗೂ ಕನಿಷ್ಠ ಮೂರು ಚಿತ್ರಗಳಿರಲಿ: ಇಡೀ ತಾಕು, ಒಂದು ಪೂರ್ಣ ಗಿಡ, ಬಾಧಿತ ಭಾಗ. ದ್ರಾಕ್ಷಿ ಎಲೆಯ ಎರಡೂ ಬದಿಗಳನ್ನು ತೆಗೆಯಿರಿ. ಬೂಜು ತುಪ್ಪಟದಲ್ಲಿ ಎಣ್ಣೆ ಅಂಟಿದಂತಹ ಹಳದಿ ಮಚ್ಚೆ ಮೇಲೆಯೂ ಬಿಳಿ ಬೂಷ್ಟು ಅದರ ನೇರ ಕೆಳಗೂ ಇರುತ್ತದೆ. ಮೇಲ್ಭಾಗದ ಚಿತ್ರವೊಂದರಿಂದ ಇದು ತಿಳಿಯದು. ಅಳತೆಗಾಗಿ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಡಿ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಹಳ ದಿನ ಬಿಟ್ಟ ಕ್ಯಾಮೆರಾದಲ್ಲಿ ದಿನಾಂಕ ತಪ್ಪಾಗಿರಬಹುದು, ಮೊದಲೇ ಸರಿಪಡಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ವಿವರ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿ.

ಗಿಡ ಸೊರಗಿ ಒಣಗುವ ರೋಗಗಳಲ್ಲಿ ಕಾರಣ ಹೆಚ್ಚಾಗಿ ಬೇರಿನಲ್ಲಿ ಅಥವಾ ಮಣ್ಣಿನಲ್ಲಿರುವುದರಿಂದ ಎಂತಹ ಕ್ಯಾಮೆರಾವೂ ಅದನ್ನು ತೋರಿಸಲಾರದು. ಅಂತಹ ಸಂದರ್ಭದಲ್ಲಿ ಗಿಡವನ್ನು ಬೇರುಸಹಿತ ಅಗೆದು, ಮಣ್ಣಿನೊಂದಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ತನ್ನಿ.